ಶೇವಂತೆವ್ವನ ಹೆಸರಿಗೆ ಬಿದ್ದ ಕೂಸು

ತಾಳಿಕೋಟೆ
೧೪ ಜುಲೈ ೨೦೨೫

ಪ್ರಜ್ಞಾ,

ಈ ಸಲ ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಹಾಕಲು ಮನಸ್ಸಾಗಲಿಲ್ಲ. ಎಂಟು ದಿನದಿಂದ ನನ್ನ ಫೋನ್ ಎತ್ತುತ್ತಿಲ್ಲ. ಆಸ್ಪತ್ರೆಯ ರೆಕಾರ್ಡ್ ರೂಮಿಗೆ ಬಂದು ಕೇಳಿದರೆ ಚಹಾಕ್ಕೆ ಹೋಗಿದ್ದೀ ಅನ್ನುತ್ತಾರೆ. ದಿನಕ್ಕೆ ಎಷ್ಟು ಸಲ ಚಹಾ ಕುಡಿಯುತ್ತೀ? ರಜೆ ಹಾಕಿ ಮನೆಯಲ್ಲಿ ಕೂತು ಕಾಗದ ಬರೆಯುವ ಹಾಗೆ ನೀನೇ ಮಾಡಿದೆ.

ಗುರುವಾರ ರೇಣವ್ವನ ವಿಚಾರಣೆ. ಕನ್ನೊಳ್ಳಿಯಲ್ಲಿ ಹದಿನಾಲ್ಕು ವರ್ಷದಿಂದ ಆಶಾ ಕಾರ್ಯಕರ್ತೆಯಾಗಿ ದುಡಿದವಳಿಗೆ, ಮನೆಯಲ್ಲೇ ಹೆರಿಗೆ ಆಗಲು ಬಿಟ್ಟು ಮುಚ್ಚಿಟ್ಟಳು ಎಂದು ನೋಟಿಸು ಬಂದಿದೆ. ಕೆಲಸವೇ ಹೋಗಬಹುದು. ನೋಟಿಸು ಹಿಡಿದುಕೊಂಡು, ನಾನು ನರ್ಸ್ ಡ್ಯೂಟಿಯಲ್ಲಿದ್ದ ಶಿಶು ವಾರ್ಡಿಗೇ ಬಂದಿದ್ದಳು. “ಬಾಯಾರ, ಆ ಬಸರಿ ಹುಡುಗೀನ ಗಾಡ್ಯಾಗ ಕೂಡ್ರಿಸ್ಕೊಂಡು ನಾನ ಕರ್ಕೊಂಡ ಬಂದೇನ್ರಿ. ಹೆರಿಗಿ ನಿಮ್ಮಲ್ಲೇ ಆಗೇತಿ. ನಾ ಏನ್ ಮುಚ್ಚಿಟ್ಟೇನ್ರಿ?” ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಕೂಸು ಹುಟ್ಟಿದ್ದು ನಮ್ಮ ಹೆರಿಗೆ ಕೋಣೆಯಲ್ಲೇ. ಎರಡನೇ ದಿನ ಮನೆಗೆ ಹೋಯಿತು. ನಾಲ್ಕನೇ ದಿನ ಹೊಕ್ಕುಳು ಕೀವಾಗಿ ಜ್ವರ ಬಂದು ತಿರುಗಿ ನಮ್ಮಲ್ಲಿಗೇ ಬಂತು. ಐದನೇ ದಿನದ ಪೂಜೆ ಮುಗಿಯುವ ತನಕ ಬಾಣಂತಿ ಹೊಸ್ತಿಲು ದಾಟಬಾರದೆಂದು ಅದನ್ನು ಎತ್ತಿಕೊಂಡು ಬಂದವಳು ಅಜ್ಜಿ, ಶೇವಂತೆವ್ವ. ಹೆಸರು ಕೇಳಿದರು, ತನ್ನದು ಹೇಳಿದಳು. ವಯಸ್ಸು ಕೇಳಿದರು, ಅದೂ ತನ್ನದೇ. ದಾಖಲಾತಿ ಹಾಳೆಯಲ್ಲಿ ‘ಶೇವಂತೆವ್ವನ ಕೂಸು, ತಾಯಿಗೆ ಐವತ್ತೆರಡು’ ಎಂದು ಬಿತ್ತು. ಹೆರಿಗೆ ರಿಜಿಸ್ಟರಿನಲ್ಲಿ ಶೇವಂತೆವ್ವ ಎಲ್ಲಿಂದ ಸಿಗಬೇಕು? ಸಿಗಲಿಲ್ಲವೆಂದು ‘ಹೊರಗೆ ಹುಟ್ಟಿದ್ದು, ಮನೆ ಹೆರಿಗೆ’ ಎಂಬ ಕೋಡ್ ಹಾಕಿ ಕೈ ತೊಳೆದುಕೊಂಡರು. ಐವತ್ತೆರಡರ ಮುದುಕಿ ಹೆತ್ತಳೇ ಎಂದು ಒಬ್ಬರ ತಲೆಗೂ ಹೊಳೆಯಲಿಲ್ಲ. ‘ಇಲ್ಲಿ ಹುಟ್ಟಿದ್ದು’ ಎಂದಿದ್ದರೆ ಆ ಕೀವು ಎಲ್ಲಿಂದ ಬಂತೆಂದು ನಮ್ಮ ಕತ್ತರಿ, ನಮ್ಮ ಬಟ್ಟೆ ನೋಡುತ್ತಿದ್ದರು. ಈಗ ಎಲ್ಲರೂ ರೇಣವ್ವನನ್ನೇ ಕೇಳುತ್ತಿದ್ದಾರೆ.

ಕೂಸು ಗುಣವಾಗಿ ಮನೆಗೆ ಹೋಯಿತು, ಅದೊಂದು ಪುಣ್ಯ.

ನೋಟಿಸು ನೋಡಿದ ದಿನ ನಿನ್ನ ಮೇಜಿನ ಮುಂದೆ ನಿಂತು, ಯಾರು ಮಾಡಿದ ಕೆಲಸ ಇದು ಎಂದು ಎಲ್ಲರೂ ಕೇಳುವಂತೆ ಕೂಗಾಡಿದೆ. ನೀನು ತಲೆ ತಗ್ಗಿಸಿ, “ಬಿಡ ವಿಜು, ವರದಿ ಮ್ಯಾಲ ಹೋಗೇತಿ, ಈಗ ತಿದ್ದಾಕ ಬರೂದಿಲ್ಲ” ಎಂದೆ. ಬರುತ್ತದೆ. ತಿದ್ದುಪಡಿಗೆ ಮೂಲ ದಾಖಲಾತಿ ಹಾಳೆ ಇದ್ದರೆ ಸಾಕು, ಅದು ನಿನ್ನ ಕಪಾಟಿನಲ್ಲಿದೆ. ಮುದ್ದೇಬಿಹಾಳದ ಬಾಡಿಗೆ ಖೋಲಿಯಲ್ಲಿ ಎರಡು ವರ್ಷ ಒಂದೇ ತಾಟಿನಲ್ಲಿ ಉಂಡವರು ನಾವು. ನೀನು ಇಷ್ಟು ಪುಕ್ಕಲಿ ಎಂದು ಗೊತ್ತಿರಲಿಲ್ಲ. ಒಬ್ಬಳ ಅನ್ನ ಹೋಗುತ್ತಿರುವಾಗ ಕಪಾಟಿಗೆ ಕೀಲಿ ಹಾಕಿ ಕೂತಿದ್ದೀಯಲ್ಲ, ನಾಚಿಕೆಯಾಗಬೇಕು. ಗುರುವಾರ ಹನ್ನೊಂದಕ್ಕೆ ಆ ಹಾಳೆ ವಿಚಾರಣೆಯ ಮೇಜಿನ ಮೇಲೆ ಇರಬೇಕು.

ಇಷ್ಟು ಬೈದರೂ ನಿನ್ನವಳೇ,
ವಿಜಯಶ್ರೀ

ತಾ.ಕ.: ಆ ಹಾಳೆಯ ಕೆಳಗಿರುವ ಸಹಿ ನನ್ನದು. ಅದನ್ನು ಬರೆದ ದಿನ ವಾರ್ಡಿನಲ್ಲಿ ಹನ್ನೊಂದು ಕೂಸುಗಳಿದ್ದವು ಎಂದು ಈ ಕಾಗದದಲ್ಲಿ ಬರೆದು, ನೆಪವೆನಿಸಿ ಹೊಡೆದು ಹಾಕಿದೆ. ರೇಣವ್ವ ನೋಟಿಸು ತೋರಿಸಿದಾಗಲೇ ನೆನಪಾಗಿತ್ತು, ಆದರೂ ನಿನ್ನ ಮುಂದೆ ಕೂಗಾಡಿದೆ. ನೀನು ಸಹಿ ನೋಡಿದ್ದೀ, ನನ್ನನ್ನು ಉಳಿಸಲೆಂದೇ ಕೀಲಿ ಹಾಕಿದ್ದೀ. ತೆಗೆ. ನಿನ್ನೆ ಕನ್ನೊಳ್ಳಿಗೆ ಹೋಗಿ ರೇಣವ್ವನಿಗೆ ಎಲ್ಲ ಹೇಳಿದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.