ಡಿ ಡಿಸ್ಕಿನಲ್ಲಿದ್ದ ಅವ್ವನ ಹಾಡು

ಕೊಚ್ಕೋರ್
ನವೆಂಬರ್ ೪, ಮಂಗಳವಾರ

ಬುರುಲ್‌ಗೆ,

ನೀನು ನನ್ನ ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಮಿನಿಬಸ್ಸಿನ ನಾಸಿರ್ದಿನ್ ಕೈಯಲ್ಲಿ ಕೊಟ್ಟು ಕಳಿಸಿದ್ದೇನೆ, ಜೊತೆಗೆ ಒಂದು ಚೀಲ ಒಣಮೊಸರಿನ ಉಂಡೆ. ಉಂಡೆ ಮೊಮ್ಮಕ್ಕಳಿಗೆ. ಕಾಗದ ನೀನೊಬ್ಬಳೇ ಓದು. ಹರಿಯುವುದಿದ್ದರೆ ಪೂರ್ತಿ ಓದಿದ ಮೇಲೆ ಹರಿ.

ಮಗಳು ಗುಲ್ಬಾರಾ ಕಳೆದ ವಾರ ಫೋನ್ ಮಾಡಿದ್ದಳು. “ಅಪ್ಪಾ, ನವೆಂಬರ್ ಹದಿನಾರಕ್ಕೆ ಅಜ್ಜಿ ತೀರಿಕೊಂಡ ವರ್ಷದ ಊಟ. ಅಮ್ಮ ಅಲ್ಲಿ ಹಾಡ್ಬೇಕು. ಅಜ್ಜಿ ಧ್ವನಿ ನಮ್ಮನೆ ಕಂಪ್ಯೂಟರಲ್ಲೇ ಇದ್ಯಲ್ಲ, ಬೇಗ ಕಳ್ಸು” ಎಂದಳು. ಆಯ್ತು ಎಂದೆ. ಕಳಿಸಲಿಲ್ಲ. ಏಕೆಂದು ಹೇಳುತ್ತೇನೆ.

ನಮ್ಮ ಕಂಪ್ಯೂಟರಿನದು ತಿಂಗಳಿಂದ ದಿನಾ ಒಂದೇ ರಾಗ: ಹಳೆಯ ವಿಂಡೋಸ್‌ನ ಕಾಲ ಮುಗಿಯಿತು, ಇನ್ನು ಕಾವಲು ಇಲ್ಲ, ಹೊಸ ಯಂತ್ರ ಕೊಂಡುಕೋ. ನಾನು ಕೊಳ್ಳುತ್ತೇನೆಯೇ? ಪಕ್ಕದ ಮನೆಯ ಕಸಿಮ್‌ಬೆಕ್ ಮೇಷ್ಟ್ರು, “ವೈರಸ್ ಹೊಕ್ಕು ಒಳಗಿರೋದೆಲ್ಲ ತಿಂದು ಹಾಕತ್ತೆ ಕಣೋ. ವಿಂಡೋಸ್ ಬದ್ಲು ಲಿನಕ್ಸ್ ಹಾಕೋಣ, ಅದು ಪುಕ್ಕಟೆ, ಹಳೇ ಯಂತ್ರಕ್ಕೂ ಹೊಂದತ್ತೆ” ಎಂದ. ಒಳಗಿರುವುದು ಎಂದರೆ ನಿನ್ನ ಅವ್ವನ ಹಾಡು. ಅದು ಉಳಿಯಲಿ ಎಂದೇ ಒಪ್ಪಿದೆ. ಇದನ್ನು ನಂಬು.

ಶನಿವಾರ ಕಸಿಮ್‌ಬೆಕ್ ಬಂದು ಹಾಕಿದ. ಹಾಕುವಾಗ ಎಲ್ಲ ಅಳಿಸಿ ಹಾಕಿದ.

ಇಲ್ಲ. ಮೇಲಿನ ಸಾಲು ಸುಳ್ಳು. ಕಾಗದ ಹಾಳು ಮಾಡುವುದು ಬೇಡವೆಂದು ಹೊಡೆದು ಹಾಕಿಲ್ಲ. ಅಳಿಸಿದವನು ನಾನು.

ಅವನು ಪೆನ್‌ಡ್ರೈವ್ ಚುಚ್ಚಿ ಶುರು ಮಾಡಿದ್ದ. ಅಷ್ಟರಲ್ಲಿ ಅವನ ಹಸು ಬೇಲಿ ಹಾರಿತೆಂದು ಹೆಂಡತಿ ಕೂಗಿದಳು. “ಷಾಮೂರತ್, ನಾನ್ ಬರೋವರ್ಗೂ ಒಂದು ಗುಂಡಿನೂ ಮುಟ್ಬೇಡ. ಡಿಸ್ಕಲ್ಲಿ ಇರೋದನ್ನ ಮೊದ್ಲು ಬೇರೆ ಕಡೆ ಎತ್ತಿಡ್ಬೇಕು” ಎಂದು ಹೇಳಿಯೇ ಓಡಿದ. ಒಂದು ಗಂಟೆಯಾದರೂ ಬರಲಿಲ್ಲ. ನನ್ನ ತಾಳ್ಮೆ ನಿನಗೆ ಗೊತ್ತು. ಪರದೆಯ ಮೇಲೆ ಒಂದು ಪ್ರಶ್ನೆ ನಿಂತಿತ್ತು: ಡಿಸ್ಕ್ ಪೂರ್ತಿ ಅಳಿಸಿ ಹಾಕಲೇ? ನಾನು ಓದಿದೆ. ಏಳನೇ ತರಗತಿ ಬಿಟ್ಟು ಕುರಿ ಹಿಂದೆ ಹೋದವನಾದರೂ ಓದಲು ಬರುತ್ತದೆ. ಆದರೆ ಬಜಾರಿನ ರಿಪೇರಿಯವನು ಇಪ್ಪತ್ತು ವರ್ಷದಿಂದ ನಮಗೆಲ್ಲ ಹೇಳಿಕೊಟ್ಟದ್ದೇನು? ‘ಬೇಕಾದ್ದೆಲ್ಲ ಡಿ ಒಳಗಿಡಿ. ವಿಂಡೋಸ್ ಎಷ್ಟು ಸಲ ಹೊಸದಾಗಿ ಹಾಕಿದ್ರೂ ಸಿ ಒಂದೇ ಹೋಗೋದು, ಡಿ ಅಲ್ಲಾಡಲ್ಲ.’ ಈ ಬೀದಿಯಲ್ಲಿ ಎಲ್ಲರ ಮದುವೆ ಫೋಟೋ ಡಿಯಲ್ಲೇ ಇದೆ. ನಿನ್ನ ಫೋನಿನಲ್ಲಿ ಜಾಗವಿಲ್ಲ ಎಂದು ನೀನು ರೆಕಾರ್ಡ್ ಮಾಡಿಕೊಂಡ ಅವ್ವನ ಹಾಡನ್ನೂ ಅಲ್ಲೇ ಇಟ್ಟಿದ್ದೆ. ಡಿ ಎಂದರೆ ಒಳಗೆ ಬೇರೆಯೇ ಒಂದು ಕಬ್ಬಿಣದ ಪೆಟ್ಟಿಗೆ ಎಂದು ನಾನು ತಿಳಿದಿದ್ದೆ. ಹೌದು ಎಂದು ಒತ್ತಿದೆ. ನಿಜವಾಗಿಯೂ ಹೌದೇ ಎಂದಿತು. ಈ ಯಂತ್ರಕ್ಕೂ ನನ್ನ ಮೇಲೆ ನಂಬಿಕೆ ಇಲ್ಲ ಎಂದು ರೇಗಿ ಇನ್ನೊಂದು ಸಲ ಒತ್ತಿದೆ.

ಕಸಿಮ್‌ಬೆಕ್ ಬಂದು ನೋಡಿ ಕುರ್ಚಿಯ ಮೇಲೆ ಕುಸಿದ. “ಎರಡೂ ಒಂದೇ ಡಿಸ್ಕು ಕಣೋ ಕತ್ತೆ! ಒಂದೇ ಕೋಣೆ, ನಡುವೆ ಒಂದು ಪರದೆ ಕಟ್ಟಿತ್ತು, ಅಷ್ಟೇ. ನೀನು ಕೋಣೇನೇ ಕೆಡವಿದೀಯ.”

ಆಮೇಲೆ ಮೂರು ದಿನ ಅವನು ಹುಡುಕಿದ. ಅಳಿಸಿದ್ದನ್ನು ಅಗೆದು ತೆಗೆಯುವ ಏನೋ ಒಂದನ್ನು ಓಡಿಸಿದ. ಅದು ಶೇಕಡಾ ನಾಲ್ಕು, ಶೇಕಡಾ ಏಳು ಎನ್ನುತ್ತ ಆಮೆಯಂತೆ ಹೋಗುತ್ತಿತ್ತು. ನಾನು ಎದುರಿಗೇ ಕೂತಿದ್ದೆ. ಚಹಾ ಕೂಡ ಬೇಕೆನಿಸಲಿಲ್ಲ. ಟ್ರಕ್ಕಿನಲ್ಲಿ ದೊಲೋನ್ ಕಣಿವೆಯ ಮಂಜುಗಡ್ಡೆಯ ಮೇಲೆ ಇಳಿಯುವಾಗಲೂ ನಾನು ಇಷ್ಟು ಹೆದರಿರಲಿಲ್ಲ. ಗುಲ್ಬಾರಾಳ ಶಾಲೆಯ ಫೋಟೋ ಅರ್ಧ ಸಿಕ್ಕಿತು, ನನ್ನ ಟ್ರಕ್ಕಿನ ಕಾಗದ ಪೂರ್ತಿ ಸಿಕ್ಕಿತು. ಅದು ಯಾರಿಗೆ ಬೇಕು? ಸೋಮವಾರ ಮಧ್ಯಾಹ್ನ ಅವ್ವನ ಧ್ವನಿ ಸಿಕ್ಕಿತು. ಮೂರು ಸೆಕೆಂಡು. ಕೆಮ್ಮುತ್ತಾಳೆ, “ಶುರು ಮಾಡ್ಲಾ?” ಎನ್ನುತ್ತಾಳೆ. ಮುಂದಕ್ಕೆ ಇಲ್ಲ. ಕಸಿಮ್‌ಬೆಕ್ ಮುಖ ಆ ಕಡೆ ತಿರುಗಿಸಿಕೊಂಡ. ಇನ್ನು ಸಿಗುವುದಿಲ್ಲ ಎಂದ.

ಅವ್ವ ತನ್ನ ಸಾವಿನ ಹಾಡನ್ನು ತಾನೇ ಕಟ್ಟಿ, ವರ್ಷದ ಊಟದ ದಿನ ಹೆಂಗಸರ ಗುಡಾರದಲ್ಲಿ ಕೂತು ಇದನ್ನೇ ಹಾಡಬೇಕೆಂದು ನಿನ್ನಿಂದ ಮಾತು ತೆಗೆದುಕೊಂಡಳು. ನೀನು ಅದನ್ನು ಕಲಿಯಲು ಕೂತಾಗ ನನ್ನ ಅತಿಥಿಗಳ ಎದುರಿಗೇ ನಾನು ಏನು ಕಿರುಚಿದೆ ಎಂಬುದು ನೆನಪಿದೆ. “ಆ ಗೋಳು ನಿಲ್ಸು, ಇದೇನು ದಿನಾ ಸಾವಿನ ಮನೆನಾ?” ನೀನು ಪೆಟ್ಟಿಗೆ ಕಟ್ಟಿ ಮಗಳ ಮನೆಗೆ ಹೊರಟೆ. ಕಾಲು ಭಾಗವೂ ಕಲಿತಿರಲಿಲ್ಲ. ಹಾಡಿಲ್ಲದೆ ಹೋದರೆ ನಿನ್ನ ತವರಿನ ಹೆಂಗಸರು ನಿನ್ನನ್ನು ಏನೆನ್ನುತ್ತಾರೆ ಎಂಬುದೂ ನನಗೆ ಗೊತ್ತು.

ಈ ಕಾಗದದ ಜೊತೆ ಹದಿಮೂರು ಹಾಳೆ ಇಟ್ಟಿದ್ದೇನೆ. ಅವ್ವನ ಹಾಡು, ಮೊದಲಿಂದ ಕೊನೆಯವರೆಗೆ. ತಪ್ಪು ಅಕ್ಷರ ಇರಬಹುದು, ತಪ್ಪು ಮಾತು ಇಲ್ಲ. ಒಂಬತ್ತನೇ ಹಾಳೆಯಲ್ಲಿ ಎರಡು ಸಾಲು ಹಿಂದೆ ಮುಂದೆ ಆಗಿರಬಹುದು, ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆದಿದ್ದೇನೆ.

ಕ್ಷಮಿಸು ಎಂದು ಬರೆಯಲು ನನಗೆ ಬರುವುದಿಲ್ಲ. ಬರೆದಿದ್ದೇನೆ ಎಂದುಕೋ.

ನಿನ್ನ ಮುದುಕ,
ಷಾಮೂರತ್

ಮರೆತದ್ದು: ಇಷ್ಟೆಲ್ಲ ನನಗೆ ಹೇಗೆ ಬಾಯಿಪಾಠ ಎಂದು ಕೇಳುತ್ತೀಯ. ನೀನು ಹೋದ ಮೇಲೆ ದಿನಾ ಬೆಳಗ್ಗೆ ಅದನ್ನು ಹಾಕಿಕೊಂಡೇ ಒಲೆ ಹೊತ್ತಿಸುತ್ತಿದ್ದೆ. ಅದರ ಕೊನೆಯಲ್ಲಿ, ಹಾಡು ಮುಗಿದ ಮೇಲೆ, ನೀನು ಅವ್ವನಿಗೆ ‘ನೀರು ಕುಡಿ’ ಎನ್ನುತ್ತೀಯ. ಮನೆಯಲ್ಲಿ ನಿನ್ನ ಧ್ವನಿ ಅಷ್ಟೇ ಉಳಿದಿತ್ತು. ಮಾತು ಹಾಳೆಗೆ ಬಂತು, ರಾಗ ಬರಲಿಲ್ಲ. ಹೆಂಗಸರು ಹಾಡುವ ಈ ಹಾಡನ್ನು ಗಂಡಸು ಹಾಡಿದರೆ ಊರು ನಗುತ್ತದೆ, ನಗಲಿ. ಗುರುವಾರ ಹತ್ತು ಗಂಟೆಗೆ ಫೋನ್ ಮಾಡುತ್ತೇನೆ, ಎತ್ತು, ಹಾಡುತ್ತೇನೆ. ಬೈಯುವುದಿದ್ದರೆ ಹಾಡು ಮುಗಿದ ಮೇಲೆ ಬೈ.