ಹಿಡಿ ಅಲುಗದ ಚಾಕು

ಅಪ್ಪಾ,

ನೀನು ಗೊರಕೆ ಹೊಡೆಯುತ್ತಿದ್ದಾಗ ಸದ್ದಿಲ್ಲದೆ ಈ ಚಾಕು ಮಸೆದು, ಒರೆಸಿ, ಎಣ್ಣೆ ಸವರಿ ಮೇಜಿನ ಮೇಲಿಟ್ಟಿದ್ದೇನೆ. ಅಕ್ಕನಿಗೆ ಇದನ್ನೇ ಕೊಡು. ಕಪ್ಪಗೆ ಒರಟಾಗಿದೆ ಅಂತ ಮುಖ ಸಿಂಡರಿಸಬೇಡ.

ನೀನು ಅವಳಿಗೆ ಅಂತ ತಂದ ಬಂಗಾರದ ಬಣ್ಣದ ಹಿಡಿಯ ಚಾಕುವನ್ನು ನಾನು ಕೆಲಸ ಮಾಡೋ ಕ್ಯಾಂಟೀನಿಗೆ ಒಯ್ದು ಒಂದು ಕುಂಬಳಕಾಯಿ ಕೊಯ್ದೆ. ಅರ್ಧಕ್ಕೇ ಹಿಡಿ ಅಲುಗಾಡಿತು. "ಇದು ಗೋಡೆಗೆ ನೇತುಹಾಕೋ ಚಾಕು ಕಣೇ" ಅಂದರು ನಮ್ಮ ಅಡುಗೆಯವರು. ಅಂಗಡಿಯವನು ವಾಪಸ್ ತಗೊಳ್ಳಲ್ಲ. ಅಲಗಿನ ಮೇಲೆ 'ಲೆಫ್ಟಿನೆಂಟ್' ಅಂತ ಬೇರೆ ಕೆತ್ತಿಸಿದ್ದೀಯಲ್ಲ! ಇನ್ನು ನಮ್ಮನೆ ಈರುಳ್ಳಿಗೆ ಲೆಫ್ಟಿನೆಂಟರೇ ಗತಿ.

ಈ ಕಪ್ಪು ಚಾಕು ಹಿಡಿಯ ತುದಿಯವರೆಗೂ ಒಂದೇ ಉಕ್ಕು. ಎರಡು ವಾರ ದಿನಾ ಮೂಟೆಗಟ್ಟಲೆ ಗೆಡ್ಡೆ ಕೊಯ್ದು ನೋಡಿದ್ದೇನೆ. ಹೊಸದಲ್ಲ ಅಂತ ಗೊಣಗಬೇಡ. ಸೈನ್ಯದಲ್ಲಿ ಯಾವತ್ತೋ ಅವಸರಕ್ಕೆ ಹಗ್ಗ ಕತ್ತರಿಸುವಾಗ ಅದು ಅವಳಿಗೆ ಕೈಕೊಡಬಾರದು, ಅಷ್ಟೇ.

ಅವಳು ಇವತ್ತು ಹನ್ನೊಂದು ಗಂಟೆಗೆ ಹೊರಡುತ್ತಾಳೆ. ನನಗೆ ರಜೆ ಸಿಗಲಿಲ್ಲ. ಇದ್ದಿದ್ದರೂ ನನ್ನ ಬಾಯಿಂದ ಮಾತು ಹೊರಡುತ್ತಿರಲಿಲ್ಲ, ನಿನಗೆ ಗೊತ್ತು. ನೀನು ಮಾತ್ರ ಭಾಷಣ ಬಿಗಿಯಬೇಡ.

'ಇದನ್ನು ನಿನ್ನ ತಂಗಿ ಆರಿಸಿದಳು' ಅಂತ ಅವಳಿಗೆ ಒಂದು ಮಾತು ಹೇಳುತ್ತೀಯಾ, ಅಪ್ಪಾ?