ತಗಡಿನ ಬಾವಲಿಗಳು

ಮಾಂಗೆರೆ, ಆಕ್ಲೆಂಡ್
ಆಗಸ್ಟ್ ೯

ಪ್ರೀತಿಯ ಫುಸಿ ಅಕ್ಕನಿಗೆ,

ಇಲ್ಲಿ ನಾವೆಲ್ಲ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ? ನೀನು ಮರದ ತೊಗಟೆ ಬಡಿದು ಮಾಡಿ, ಚಿತ್ರ ಬರೆದು ಕಳಿಸಿದ ಬಟ್ಟೆ ಕೈಸೇರಿ ಒಂದು ತಿಂಗಳ ಮೇಲಾದರೂ ಈ ತಂಗಿ ಒಂದು ಸಾಲು ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ. ಇಲ್ಲಿನ ಆಗಸ್ಟ್ ಚಳಿ, ಕೆಲಸ ಎಂದು ನೆಪ ಹೇಳಬಹುದಿತ್ತು. ನಿಜ ಹೇಳಿಬಿಡುತ್ತೇನೆ, ಹೊಟ್ಟೆಕಿಚ್ಚು. ಪೆನ್ನು ಹಿಡಿದರೆ ಬೈಗುಳವೇ ಬರುತ್ತಿತ್ತು.

ಕಲಾಭವನದವರು ಈ ವರ್ಷ ಚಿತ್ರ ಬರೆಯಲು ನನಗೊಂದು ಕೋಣೆ ಕೊಟ್ಟಿದ್ದಾರೆಂದು ಬರೆದಿದ್ದೆನಲ್ಲ. ಹೀಟರ್ ಇದೆ, ಅಗಲವಾದ ಮೇಜಿದೆ, ತಿಂಗಳ ಖರ್ಚನ್ನೂ ಅವರೇ ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಹೋಗಿ ಬಣ್ಣ ಕಲಸುತ್ತೇನೆ. ಸಂಜೆಗೆ ಬಣ್ಣ ಒಣಗಿರುತ್ತದೆ, ಬಟ್ಟೆ ಬೆಳ್ಳಗೇ ಇರುತ್ತದೆ. ನಿನ್ನದನ್ನು ಬಿಚ್ಚಿ ನೋಡಿದ ದಿನ ಕುಂಚ ಕೆಳಗಿಟ್ಟೆ. ಚಂಡಮಾರುತ ಕಿತ್ತೊಯ್ದ ನಿಮ್ಮ ಮನೆಯ ತಗಡುಗಳನ್ನು ನೀನು ಬಾವಲಿಗಳಾಗಿ ಬರೆದಿದ್ದೆ. ಮುಂಜಾನೆ ಮರಕ್ಕೆ ಮರಳುವ ಬಾವಲಿಗಳು. ಸೂರಿಲ್ಲದ ಮನೆಯಲ್ಲಿ ಕೂತು ಬರೆದಿದ್ದಾಳೆ, ಅದಕ್ಕೇ ಇಷ್ಟು ಚೆನ್ನಾಗಿದೆ ಎಂದುಕೊಂಡೆ. ನಗಬೇಡ, ನಾನೂ ಹೀಟರ್ ಆರಿಸಿ, ಊಟ ಬಿಟ್ಟು ಕೂತು ನೋಡಿದೆ. ಗೆರೆ ಬರಲಿಲ್ಲ, ನೆಗಡಿ ಬಂತು.

ಹೋದ ಶನಿವಾರ ನಿನ್ನ ಬಟ್ಟೆಯನ್ನು ಪ್ರದರ್ಶನಕ್ಕೆಂದು ಕಲಾಭವನದ ಗೋಡೆಗೆ ಹಾಕಿದರು. ಮೊಮ್ಮಗಳ ಮದುವೆಗೆಂದು ದ್ವೀಪದ ನಮ್ಮೂರಿನಿಂದ ಬಂದಿರುವ ಲೆಸಿಯೆಲಿ ಅಜ್ಜಿಯನ್ನೂ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಮೇಲ್ವಿಚಾರಕ ಡಂಕನ್ ಎಲ್ಲರ ಮುಂದೆ, "ನೋಡಿ, ಕಷ್ಟ ಬಿದ್ರೇನೇ ಇಂಥದ್ದು ಹುಟ್ಟೋದು. ಬೆಚ್ಚಗಿನ ಮನೆ ಇದ್ದಿದ್ರೆ ಈಯಮ್ಮ ಇದನ್ನ ಮಾಡ್ತಾನೇ ಇರ್ಲಿಲ್ಲ" ಎಂದ. ನನಗೆ ಒಳಗೊಳಗೇ ಹಾಯೆನಿಸಿತು. ಹಾಗಾದರೆ ತಪ್ಪು ನನ್ನದಲ್ಲ, ಹೀಟರಿನದು!

ಅಜ್ಜಿಗೆ ಅವನ ಮಾತನ್ನು ನಾನೇ ನಮ್ಮ ಭಾಷೆಯಲ್ಲಿ ಹೇಳಿದೆ. ಅವರು ಬಿಟ್ಟಾರೆಯೇ?

"ಕಷ್ಟದಲ್ಲಿ ಅವಳೇನು ಮಾಡಿದ್ಲು ಅಂತ ಈ ಮಹಾರಾಯನಿಗೇನು ಗೊತ್ತು? ಸೂರು ಹೋದ್ಮೇಲೆ ತೊಗಟೆ ಬಡಿಯೋ ಕೋಲು ಮುಟ್ಲಿಲ್ಲ ಅವಳು. ಮಕ್ಕಳಿಗೆ ಗೆಣಸು ಹುಡುಕೋದ್ರಲ್ಲೇ ದಿನ ಕಳೀತಿತ್ತು. ಆಮೇಲೆ ಚರ್ಚಿನ ಹೆಂಗಸರೆಲ್ಲ ಸೇರಿ ಗಂಡಸರ ಬೆನ್ನು ಹತ್ತಿ ತಗಡು ಹೊದಿಸಿದ್ವಿ. ಅಡಿಗೆ ನಾವು ಮಾಡಿದ್ವಿ, ಮಕ್ಕಳನ್ನ ನಾವು ನೋಡ್ಕೊಂಡ್ವಿ. ಅವಳು ಹೊಟ್ಟೆತುಂಬ ತಿಂದು, ಬಿಸಿಲೇರೋವರೆಗೂ ಮಲಗಿದ್ಲು. ಎದ್ದವಳೇ, ಬಣ್ಣ ಎಲ್ಲಿ ಅಂದ್ಲು. ಹೇಳೇ ಅವನಿಗೆ!"

ಹೇಳಿದೆ. ಒಂದು ಮಾತೂ ಬಿಡದೆ ಹೇಳುವುದು ನನ್ನ ಪಾಲಿಗೇ ಬಂತು. ಡಂಕನ್ ಪಾಪ, ಕೆಂಪಗಾದ. ಸ್ವಲ್ಪ ಹೊತ್ತು ಬಿಟ್ಟು ನನ್ನ ಹತ್ತಿರ ಬಂದು, "ಹಾಗಾದ್ರೆ ಮುಂದಿನ ವರ್ಷ ಆ ಕೋಣೆ ನಿಮ್ಮಕ್ಕನಿಗೇ ಕೊಡೋಣ್ವಾ? ನೀವೇನಂತೀರಾ?" ಎಂದು ಕೇಳಿದ.

ಬೇಡ ಎಂಬುದು ನಾಲಿಗೆಯ ತುದಿಗೆ ಬಂದಿತ್ತು ಅಕ್ಕ. ಅವಳು ದ್ವೀಪದವಳು, ಇಲ್ಲಿಗೆ ಒಗ್ಗುವುದಿಲ್ಲ ಎಂದಿದ್ದರೆ ನಂಬುತ್ತಿದ್ದ. ಭಾಷೆ ತಿಳಿಯದಿದ್ದರೂ ಅಜ್ಜಿ ನನ್ನ ಮುಖ ಓದಿಬಿಟ್ಟರು. "ಹೊಟ್ಟೆಕಿಚ್ಚು ನುಂಗ್ಕೊಂಡು ಮಾತಾಡೇ" ಎಂದು ಪಕ್ಕೆಗೆ ತಿವಿದರು. "ಕೊಡಿ" ಎಂದೆ.

ಆದ್ದರಿಂದ ಬಾ. ಮಕ್ಕಳನ್ನೂ ಕರೆದುಕೊಂಡು ಬಾ. ಅಡಿಗೆ ನನ್ನದು, ಮಕ್ಕಳನ್ನು ಸ್ಕೂಲಿಗೆ ಬಿಡುವುದೂ ನನ್ನದು. ನೀನು ಬೇಕಾದಷ್ಟು ಹೊತ್ತು ಮಲಗು. ಆದರೆ ಎದ್ದು ಬರೆದದ್ದನ್ನು ಹೊಗಳು ಎಂದು ಮಾತ್ರ ಕೇಳಬೇಡ, ಅಷ್ಟು ಒಳ್ಳೆಯವಳು ನಾನಿನ್ನೂ ಆಗಿಲ್ಲ.

ಮಕ್ಕಳಿಗೆ ಮುತ್ತುಗಳು. ದೇವರು ನಿಮ್ಮೆಲ್ಲರನ್ನೂ ಗಾಳಿಮಳೆಯಿಂದ ಕಾಪಾಡಲಿ.

ನಿನ್ನ ತಂಗಿ,
ಲೋಸಲಿನೆ

ಮರೆತಿದ್ದೆ: ಅವತ್ತು ಒಬ್ಬಾಕೆ, "ನಿಮ್ಮಕ್ಕನಿಗೆ ಇದನ್ನ ಯಾರು ಕಲಿಸಿದ್ರು?" ಎಂದಳು. ನಮ್ಮಮ್ಮ ಎಂದೆ. "ನಿಮಗೆ?" ಎಂದಳು. ನಾನು ಚಹಾ ತರುತ್ತೇನೆಂದು ಎದ್ದುಹೋದೆ. ಆಕ್ಲೆಂಡಿನ ಅತ್ತೆ ನಮ್ಮ ಮನೆಗೆ ಬಂದು, ಸಾಕಲು ಒಂದು ಹೆಣ್ಣುಮಗು ಕೊಡಿ ಎಂದ ದಿನ ನೀನು ಮಾವಿನಮರದ ಮೇಲಿದ್ದೆ. ನಾನು ಅಮ್ಮನ ಲಂಗ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ನಮ್ಮಲ್ಲಿ ಅಪ್ಪನ ಅಕ್ಕ ಕೇಳಿದರೆ ಇಲ್ಲ ಎನ್ನುವ ಹಾಗಿಲ್ಲ, ಅದು ನನಗೂ ಗೊತ್ತು. ಅತ್ತೆ ನನಗೆ ಯಾವ ಕೊರತೆಯನ್ನೂ ಮಾಡಲಿಲ್ಲ. ಆದರೂ, ನಾನು ಕೇಳಿದೆ ಎಂದು ಹೇಳದೆ ಅಮ್ಮನನ್ನು ಒಂದು ಸಲ ಕೇಳಿ ನೋಡು. ಇಬ್ಬರಲ್ಲಿ ಆರಿಸಿ ನನ್ನನ್ನು ಕೊಟ್ಟಳೋ, ಇಲ್ಲ ಅವತ್ತು ಕೈಗೆ ಸಿಕ್ಕವಳು ನಾನೊಬ್ಬಳೇ ಎಂದು ಕೊಟ್ಟಳೋ?